ಅಕ್ಕನ ಡಬ್ಬ, ಡಾಕ್ಟರ ವಿಮಾನ

ನಮ್ಮ ಭಾವನವರ ಎಲ್ಲ ಕಷ್ಟಗಳೂ "ಆ" ಎಂಬ ಒಂದು ಅಕ್ಷರದಿಂದ ಶುರುವಾದವು. ಅದನ್ನೂ ಅವರು ಮಾತೆಂದು ಆಡಿದ್ದಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅಂಗಾತ ಮಲಗಿ, ಬಾಯೊಳಗೆ ಎರಡು ಹತ್ತಿಯ ಉಂಡೆ, ಒಂದು ಪುಟ್ಟ ಕನ್ನಡಿ, ಒಂದು ಕೊಳವೆ ಮತ್ತು ಡಾಕ್ಟರ ಮೂರು ಬೆರಳು ಇಟ್ಟುಕೊಂಡಿದ್ದ ಮನುಷ್ಯ ಬೇರೆ ಏನು ತಾನೇ ಹೇಳಿಯಾನು? ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಹಲ್ಲು ತೋರಿಸಲು ಒಬ್ಬರೇ ಹೋಗುವ ಧೈರ್ಯ ಅವರಿಗಿಲ್ಲದ್ದರಿಂದ ಅಕ್ಕ ನನ್ನ ಕನ್ನಡಕದ ಅಂಗಡಿಗೆ ಅರ್ಧ ದಿನ ಬೀಗ ಹಾಕಿಸಿ ನನ್ನನ್ನು ಕಾವಲಿಗೆ ಕಳಿಸಿದ್ದಳು.

ಡಾಕ್ಟರು ಒಳ್ಳೆಯವರು, ಕೈ ಹಗುರ. ಅವರ ಕಾಯಿಲೆ ಒಂದೇ, ವಿಮಾನ. ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಕೂರುವಂಥ ಒಂದು ಪುಟ್ಟ ವಿಮಾನವನ್ನು ಆರು ವರ್ಷದಿಂದ ತಮ್ಮ ಕೈಯಾರೆ ಕಟ್ಟುತ್ತಿದ್ದರು. ಅದರ ಬಗ್ಗೆ ಕೇಳಲು ಹೆಂಡತಿ ಮಕ್ಕಳು ಒಪ್ಪುತ್ತಿರಲಿಲ್ಲ. ಬಾಯಿ ತೆರೆದು ಮಲಗಿದ ರೋಗಿಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ.

"ಇಂಜಿನ್ನೂ ಮನುಷ್ಯನ ಹಾಗೇನೇ ರೀ, ಉಸಿರಾಡುತ್ತೆ," ಎಂದರು ಡಾಕ್ಟರು, ಸೂಜಿಯಂಥದ್ದನ್ನು ದವಡೆಗೆ ಇಳಿಸುತ್ತಾ. "ಉಸಿರಿನ ಜೊತೆ ಎಣ್ಣೆ ಹನಿ ಕಕ್ಕುತ್ತೆ. ಅದು ಹಾರಿ ಬಂದು ಮುಂದಿನ ಗಾಜಿಗೆ ಬಳ್ಕೊಳ್ಳುತ್ತೆ. ಗಾಜಲ್ಲಿ ಏನೂ ಕಾಣದೆ ವಿಮಾನ ಇಳಿಸೋದು ಹೇಗೆ ಹೇಳಿ?"

"ಆ," ಎಂದರು ಭಾವ.

"ಅದಕ್ಕೇ ಎಣ್ಣೆ ಹಿಡಿದಿಟ್ಟು ಬರೀ ಗಾಳಿ ಹೊರಗೆ ಬಿಡೋ ಡಬ್ಬ ಒಂದು ಬೇಕು. ಕಂಪನಿಯದ್ದು ಬೇಕಂದ್ರೆ ಹಡಗಲ್ಲಿ ಬರಬೇಕು, ಏಳು ತಿಂಗಳು. ಮನೇಲಿ ವಿಮಾನ ಕಟ್ಟೋರು ಎಷ್ಟೋ ಜನ ಅಡುಗೆಮನೆ ಸ್ಟೀಲ್ ಡಬ್ಬದಲ್ಲೇ ಮಾಡ್ಕೋತಾರಂತೆ. ಒಳಗೆ ಪಾತ್ರೆ ಉಜ್ಜೋ ಸ್ಟೀಲ್ ನಾರು ತುಂಬಿಬಿಟ್ರೆ ಆಯ್ತು. ನೀವು ನೀರು ಸರಬರಾಜು ಕಚೇರಿಯವರು ಅಂತ ಚೀಟೀಲಿ ನೋಡಿದೆ. ಪೈಪು, ವಾಲ್ವು ಅಂದ್ರೆ ನಿಮಗೆ ನೀರು ಕುಡಿದ ಹಾಗೆ. ನೀವೇ ಒಂದು ಮಾಡಿಕೊಡ್ತೀರಾ?"

ಸೂಜಿ ಅದೇ ಹೊತ್ತಿಗೆ ನರಕ್ಕೆ ತಗುಲಿತು.

"ಆ!" ಎಂದರು ಭಾವ, ಕಾಲು ಎರಡೂ ಮೇಲೆತ್ತಿ.

"ಎಷ್ಟು ಉತ್ಸಾಹ!" ಎನ್ನುವಾಗ ಡಾಕ್ಟರ ಕಣ್ಣು ತುಂಬಿ ಬಂತು. "ಆಯ್ತು ಇಂಜಿನಿಯರ್ ಸಾಹೇಬ್ರೇ, ನಿಮ್ಮನ್ನೇ ನಂಬಿದೀನಿ."

ಬಾಯಿ ಮುಕ್ಕಳಿಸಿದ ಮೇಲಾದರೂ ಭಾವ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ಅವರು ಇಂಜಿನಿಯರರಲ್ಲ, ದೂರು ವಿಭಾಗದ ಗುಮಾಸ್ತರು. ಇಪ್ಪತ್ತೆರಡು ವರ್ಷಗಳಿಂದ ಊರಿನ ಸೋರುವ ಪೈಪುಗಳ ಕಥೆಯನ್ನು ಕಿಟಕಿಯ ಈಚೆ ಕೂತು ರಿಜಿಸ್ಟರಿಗೆ ಇಳಿಸುತ್ತಿದ್ದರೇ ಹೊರತು ಒಂದು ಪೈಪನ್ನಾದರೂ ಮುಟ್ಟಿದವರಲ್ಲ. ಅವರ ಮನೆಯ ಬಚ್ಚಲ ನಲ್ಲಿಗೇ ಮೂರು ವರ್ಷದಿಂದ ಬಟ್ಟೆ ಸುತ್ತಿತ್ತು. ಕಿಟಕಿಯ ಆಚೆಯಿಂದ ಜನ ಅವರನ್ನು "ಓಯ್", "ಏನ್ರೀ", "ಕಿವಿ ಕೇಳ್ಸಲ್ವಾ" ಎಂದೆಲ್ಲ ಕರೆದಿದ್ದರು. "ಸಾಹೇಬ್ರೇ" ಎಂದು ಯಾರೂ ಕರೆದಿರಲಿಲ್ಲ.

ದಾರಿಯಲ್ಲಿ ನಾನು ಕೇಳಿದೆ. "ಭಾವ, ಆ ಮನುಷ್ಯ ನಿಮ್ಮ ಡಬ್ಬ ನಂಬಿ ಆಕಾಶಕ್ಕೆ ಹೋಗ್ತಾರೆ. ಗೊತ್ತು ತಾನೇ?"

ಅರ್ಧ ಮುಖ ಮರಗಟ್ಟಿದ್ದ ಭಾವ ಉಳಿದರ್ಧದಿಂದ ಹೇಳಿದರು. "ಅದಕ್ಕೇ ಚೆನ್ನಾಗಿ ಮಾಡಬೇಕು ಕಣಪ್ಪಾ."

ನಾಲ್ಕನೆಯ ದಿನ ಅಕ್ಕನ ಫೋನು ಬಂತು. "ಬಾ" ಎಂದಷ್ಟೇ ಹೇಳಿ ಇಟ್ಟಳು. ನಮ್ಮಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅವಳ ಅಡುಗೆಮನೆಯ ಕಪಾಟಿನಲ್ಲಿ ಹನ್ನೆರಡು ಸ್ಟೀಲ್ ಡಬ್ಬಗಳು ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಎತ್ತರದ ಪ್ರಕಾರ ನಿಂತಿರುತ್ತವೆ. ಪ್ರತಿಯೊಂದಕ್ಕೂ ಅವಳದೇ ದುಂಡು ಅಕ್ಷರದ ಚೀಟಿ. ನಾನು ಹೋಗಿ ನೋಡಿದಾಗ ಸಾಲಿನಲ್ಲಿ ಐದು ಗೈರುಹಾಜರಾಗಿದ್ದವು.

"ಉಪ್ಪು ಎಲ್ಲಿದೆ ಗೊತ್ತಾ? ಇವರ ಊಟದ ಡಬ್ಬೀಲಿ. ಟೀ ಪುಡಿ ನನ್ನ ಸೀಮೆಸುಣ್ಣದ ಪೆಟ್ಟಿಗೇಲಿ. ಬೇಳೆ..." ಎಂದವಳು ಒಂದು ಬೂಟಿನ ಪೆಟ್ಟಿಗೆ ತೆರೆದು ತೋರಿಸಿದಳು. ಬೇಳೆ ಎಂಟನೇ ನಂಬರಿನ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. "ಕೇಳಿದ್ರೆ ಆಫೀಸಲ್ಲಿ ನೀರಿನ ಮಾದರಿ ಹಿಡಿಯೋಕೆ ಅಂತಾರೆ. ಇಡೀ ಊರಿನ ನೀರು ಪರೀಕ್ಷೆ ಮಾಡೋಕೆ ನನ್ನ ಸಕ್ಕರೆ ಡಬ್ಬಾನೇ ಬೇಕಾ?"

ನನಗೆ ವಿಷಯ ಗೊತ್ತಿತ್ತು. ಆದರೆ ಭಾವ ಬಾಗಿಲ ಸಂದಿಯಲ್ಲಿ ಎರಡೂ ಕೈ ಮುಗಿದು ನಿಂತಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ಆ ಒಂದು ಕ್ಷಣದ ಕರುಣೆಗೆ ನಾನು ಆಮೇಲೆ ಬಹಳ ಅನುಭವಿಸಿದೆ.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ತಗಡು ಹೊದಿಸಿದ ಒಂದು ಕೋಣೆ. ಅದೇ ಭಾವನವರ ಕಾರ್ಖಾನೆ. ಸೋತ ಡಬ್ಬಗಳು ಗೋಡೆಗೆ ಒರಗಿದ್ದವು. ಉಪ್ಪಿನ ಡಬ್ಬಕ್ಕೆ ತೂತು ಕೊರೆಯುವಾಗ ಅದು ತೂತಾಗದೆ ಕಿಟಕಿಯಾಗಿತ್ತು. ಟೀ ಪುಡಿಯದ್ದು ಹೊಲಿಗೆ ಬಿಟ್ಟುಕೊಂಡಿತ್ತು. ಹಿಟ್ಟಿನದ್ದನ್ನು ಭಾವ ಬಗ್ಗಿಸಲು ಹೋಗಿ ಅದರ ಮೇಲೇ ಕೂತುಬಿಟ್ಟಿದ್ದರು. ಬೇಳೆಯದ್ದರ ವಿಚಾರ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಳಿದದ್ದು ಸಕ್ಕರೆ ಡಬ್ಬ. ಎರಡು ತೂತು ನುಣ್ಣಗೆ ಬಂದಿದ್ದವು, ಒಳಗೆ ಸ್ಟೀಲ್ ನಾರು ತುಂಬಿತ್ತು, ಮುಚ್ಚಳಕ್ಕೆ ರಬ್ಬರ್ ಬಳೆ, ಸುತ್ತ ಬಿಗಿಯುವ ಪಟ್ಟಿ. ಕೈಯಲ್ಲಿ ಏಳು ಕಡೆ ಪ್ಲಾಸ್ಟರ್ ಅಂಟಿಸಿಕೊಂಡಿದ್ದ ಭಾವ ಅದನ್ನು ಎಳೆ ಕೂಸಿನಂತೆ ಎತ್ತಿ ತೋರಿಸಿದರು.

"ಆದ್ರೆ ಪರೀಕ್ಷೆ ಮಾಡದೆ ಕೊಡೋಕಾಗುತ್ತಾ? ಮನುಷ್ಯನ ಜೀವದ ಪ್ರಶ್ನೆ," ಎಂದರು.

ಪರೀಕ್ಷೆಯ ವಿಧಾನವನ್ನು ಅವರೇ ಯೋಚಿಸಿದ್ದರು. ಕುಕ್ಕರಿನಲ್ಲಿ ನೀರಿಗೆ ಒಂದಿಷ್ಟು ಇಂಜಿನ್ ಎಣ್ಣೆ ಬೆರೆಸಿ ಒಲೆಯ ಮೇಲಿಡುವುದು. ಹಳೆಯ ಫ್ರಿಜ್ಜಿನಿಂದ ಬಿಚ್ಚಿದ ತಾಮ್ರದ ಕೊಳವೆಯಲ್ಲಿ ಆವಿಯನ್ನು ಡಬ್ಬಕ್ಕೆ ಹಾಯಿಸುವುದು. ಡಬ್ಬದಿಂದ ಹೊರಬಂದದ್ದನ್ನು ಇನ್ನೊಂದು ಸುರುಳಿ ಕೊಳವೆಯಲ್ಲಿ ತಣ್ಣಗೆ ಮಾಡಿ ಬಾಟಲಿಗೆ ಹಿಡಿಯುವುದು. ಬಾಟಲಿಯಲ್ಲಿ ಎಣ್ಣೆ ಕಾಣದಿದ್ದರೆ ಡಬ್ಬ ಪಾಸು.

ಬುದ್ಧಿವಂತಿಕೆಯ ಏರ್ಪಾಡು, ಇಲ್ಲವೆನ್ನಲಾರೆ. ಆದರೆ ಒಲೆ, ಮುಚ್ಚಿದ ಪಾತ್ರೆ, ತಾಮ್ರದ ಸುರುಳಿ, ಕೊನೆಗೆ ತೊಟ್ಟಿಕ್ಕುವ ಬಾಟಲಿ ಇಷ್ಟನ್ನೂ ಒಂದು ಸಾಲಿನಲ್ಲಿ ನೋಡಿದವರಿಗೆ ಜಗತ್ತಿನಲ್ಲಿ ಒಂದೇ ಒಂದು ವಸ್ತು ನೆನಪಾಗುತ್ತದೆ. ಅದು ವಿಮಾನವಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುತ್ತಿದ್ದ ನಮ್ಮ ಭಾವನವರಿಗೆ ಅದು ಹೊಳೆಯುವಂತಿರಲಿಲ್ಲ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಗಾರ್ಡ್ ಸಾಹೇಬರಿಗೆ ನೋಡಿದ ಕೂಡಲೇ ಹೊಳೆಯಿತು.

ಗಾರ್ಡ್ ಸಾಹೇಬರು ರೈಲ್ವೆಯಿಂದ ನಿವೃತ್ತರು. ನಿವೃತ್ತಿಯಾದ ಮೇಲೂ ಬೀದಿಯಲ್ಲಿ ನಡೆದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಿದ್ದರು. "ಹತ್ತು ನಲವತ್ತು: ಹೊಗೆ. ಹತ್ತು ಐವತ್ತೆರಡು: ಮೊದಲ ಹನಿ" ಎಂದು ಬರೆದುಕೊಂಡು ಅವರು ಗೋಡೆಯ ಹತ್ತಿರ ಬಂದರು.

"ಏನ್ಸಾರ್, ಮನೇಲೇ ತಯಾರಿ ಶುರು ಮಾಡಿಬಿಟ್ರಾ?"

"ಹೌದು ಸಾರ್. ಹೊರಗಡೆಯಿಂದ ತರಿಸೋದಾದ್ರೆ ಏಳು ತಿಂಗಳು ಕಾಯಬೇಕಂತೆ," ಎಂದರು ಭಾವ, ನಾಚಿಕೆಯಿಂದ.

"ಯಾರಿಗೆ?"

"ಸದ್ಯಕ್ಕೆ ಹಲ್ಲಿನ ಡಾಕ್ಟರಿಗೆ. ಪಾಪ, ಆರು ವರ್ಷದಿಂದ ಒದ್ದಾಡ್ತಿದಾರೆ."

"ಡಾಕ್ಟರೇ? ನೋಡಿದ್ರೆ ಗೊತ್ತೇ ಆಗಲ್ಲ. ಹೇಗೆ, ಸ್ಟ್ರಾಂಗಾ?"

"ತುಂಬಾ ಗಟ್ಟಿ. ಇದೊಂದು ಸರಿ ಹೋದ್ರೆ ಡಾಕ್ಟರು ನೇರವಾಗಿ ಮೇಲೇ. ಮೊದಲು ಐನೂರು ಅಡಿ, ಆಮೇಲೆ ಸಾವಿರ."

ಗಾರ್ಡ್ ಸಾಹೇಬರು ಭಾವನವರನ್ನು ಹೊಸ ಗೌರವದಿಂದ ನೋಡಿದರು. "ಇಳಿಯೋದು?" ಎಂದರು.

"ಇಳಿಯೋದೇ ಕಷ್ಟ ಸಾರ್. ಏರಿದವರು ಕಣ್ಣು ಕಾಣದೆ ಎಲ್ಲೋ ಹೋಗಿ ಬೀಳಬಾರದು ನೋಡಿ, ಅದಕ್ಕೇ ಚೆನ್ನಾಗಿ ಸೋಸ್ತಿದೀನಿ."

ಮಾರನೆಯ ದಿನ ನಾನು ತಾರಸಿಯ ಮೇಲಿದ್ದಾಗಲೇ ಎದುರುಮನೆಯ ಸಂಗೀತದ ಮೇಷ್ಟ್ರು ಬಂದರು. ಕೈಯಲ್ಲಿ ಪೇಪರು ಸುತ್ತಿದ ಸ್ಟೀಲ್ ಫ್ಲಾಸ್ಕು.

"ಗಂಟಲು ಕಟ್ಟಿದೆ. ಗಾರ್ಡ್ ಸಾಹೇಬ್ರು ಹೇಳಿದ್ರು. ನನಗೂ ಒಂದಿಷ್ಟು..." ಎಂದು ಫ್ಲಾಸ್ಕನ್ನು ಮುಂದೆ ಚಾಚಿದರು.

ಭಾವ ಫ್ಲಾಸ್ಕನ್ನು ತಿರುಗಿಸಿ, ಬೆರಳಲ್ಲಿ ತಟ್ಟಿ, ಕಿವಿಗೆ ಹಿಡಿದು ನೋಡಿದರು. "ಒಳಗೂ ಸ್ಟೀಲಾ ಮೇಷ್ಟ್ರೇ? ಹೊಲಿಗೆನೇ ಇಲ್ವಲ್ಲ! ಎಂಥಾ ಮನಸ್ಸು ನಿಮ್ಮದು! ಬಿಟ್ಟು ಹೋಗಿ, ಖಂಡಿತ ಉಪಯೋಗಿಸ್ತೀನಿ."

"ಯಾವಾಗ ಬರಲಿ?"

"ಡಾಕ್ಟರು ಒಂದು ಸಲ ಹೋಗಿ ಬರಲಿ. ಆಮೇಲೆ ನಿಮ್ಮನ್ನ ಬಿಟ್ಟು ಮಾಡ್ತೀನಾ?"

ಮೇಷ್ಟ್ರು ಮೆಟ್ಟಿಲಿಳಿಯುವಾಗ ಏನೋ ಗುನುಗುತ್ತಿದ್ದರು. ಕಟ್ಟಿದ ಗಂಟಲಲ್ಲ ಅದು.

ವಾರ ಕಳೆಯುವುದರೊಳಗೆ ಮೆಟ್ಟಿಲ ಮೇಲೆ ಒಂಬತ್ತು ಫ್ಲಾಸ್ಕು, ಎರಡು ಹಾಲಿನ ಕ್ಯಾನು, ಒಂದು ಸ್ಟೀಲ್ ಜಗ್ಗು ಸಾಲಾಗಿ ನಿಂತವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಬಂದು, ಆ ಕಡೆ ಈ ಕಡೆ ನೋಡಿ, ಪಾತ್ರೆ ಇಟ್ಟು, ಭಾವನವರ ಕೈ ಒತ್ತಿ ಹೋಗುತ್ತಿದ್ದರು. ಭಾವನವರು ನನ್ನ ಹೆಗಲು ಹಿಡಿದು ಗದ್ಗದಿತರಾದರು.

"ಇಷ್ಟು ವರ್ಷ ಈ ಬೀದೀನ ನಾನು ತಪ್ಪು ತಿಳ್ಕೊಂಡಿದ್ದೆ ಕಣಪ್ಪಾ. ವಿಮಾನ ಅಂದ ಕೂಡಲೇ ಮನೆಮನೆಯಿಂದ ಪಾತ್ರೆ ತಂದು ಕೊಡ್ತಿದಾರೆ. ಒಬ್ಬರೂ ಹೆಸರು ಬರೆಸ್ಲಿಲ್ಲ!"

"ಭಾವ, ಅವರಿಗೆ ವಿಮಾನ ಅಂತ ನೀವು ಹೇಳಿದ್ರಾ?"

"ಬೇರೆ ಹೇಳಬೇಕಾ? ನೋಡಿದ್ರೆ ತಿಳಿಯಲ್ವಾ?"

ನಾನು ಹಣೆ ಹಿಡಿದು ಕೆಳಗಿಳಿದೆ. ಇಳಿಯುವಾಗ ಜಗ್ಗಿಗೆ ಕಾಲು ತಗುಲಿ ಅದು ಮೆಟ್ಟಿಲುದ್ದಕ್ಕೂ ಉರುಳಿತು. ಬೀದಿಯ ಆರು ಕಿಟಕಿಗಳು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು.

ಶನಿವಾರ ಮಧ್ಯಾಹ್ನ ಅಕ್ಕ ಶಾಲೆಯಿಂದಲೇ ಫೋನು ಮಾಡಿದಳು. ಶಾಲೆಯ ಹುಡುಗನೊಬ್ಬನ ತಂದೆ ಬಂದು, "ಮೇಡಂ, ನಿಮ್ಮ ಮನೆಯವರ ಕೈಗುಣ ಚೆನ್ನಾಗಿದೆಯಂತೆ, ನಮಗೂ ಒಂದು ಬಾಟಲಿ ಹೇಳ್ತೀರಾ?" ಎಂದು ಕೇಳಿದನಂತೆ. ನಾನು ಅಂಗಡಿಗೆ ಬೀಗ ಹಾಕಿ ಓಡಿದೆ. ಗೇಟಿನ ಹತ್ತಿರ ನಾನೂ ಅಕ್ಕನೂ ಒಟ್ಟಿಗೇ ತಲುಪಿದೆವು. ಸುದ್ದಿ ಎಲ್ಲಿಂದ ಮುಟ್ಟಿತ್ತೋ, ಅಬಕಾರಿ ಇಲಾಖೆಯ ಜೀಪೂ ಒಟ್ಟಿಗೇ ತಲುಪಿತು.

ಇನ್ಸ್‌ಪೆಕ್ಟರ್ ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಜೊತೆಗೊಬ್ಬ ಕಾನ್‌ಸ್ಟೇಬಲ್. ಸಾಕ್ಷಿಯಾಗಿ ಗಾರ್ಡ್ ಸಾಹೇಬರು ಪುಸ್ತಕ ಹಿಡಿದು ಹಿಂದೆಯೇ ಬಂದರು. ಎಲ್ಲರೂ ತಾರಸಿಗೆ ಹತ್ತಿದಾಗ ಕುಕ್ಕರು ಸುಯ್ಯೆನ್ನುತ್ತಿತ್ತು. ಭಾವ ಬಾಟಲಿಯ ಮುಂದೆ ಮಂಡಿಯೂರಿ ಕೂತು ಹನಿ ಎಣಿಸುತ್ತಿದ್ದರು.

"ಏನ್ರೀ ಇದು?"

"ಉಸಿರು ಸೋಸೋ ಡಬ್ಬ ಸಾರ್," ಎಂದರು ಭಾವ, ಎದ್ದು ನಿಂತು.

"ಯಾರ ಉಸಿರು?"

"ಇಂಜಿನ್ನಿಂದು."

"ಯಾವ ಇಂಜಿನ್ನು?"

"ಹಲ್ಲಿನ ಡಾಕ್ಟರದ್ದು."

ಇನ್ಸ್‌ಪೆಕ್ಟರ್ ಬರೆದುಕೊಂಡರು, ಓದಿಕೊಂಡರು, ಹೊಡೆದು ಹಾಕಿದರು. "ನೇರವಾಗಿ ಹೇಳಿ. ಕುಡಿಯೋರು ಯಾರು?"

"ಕುಡಿಯೋದು ಇಂಜಿನ್ನೇ ಸಾರ್. ತುಂಬಾ ಕುಡಿಯುತ್ತೆ. ಕುಡಿದದ್ದು ಜಾಸ್ತಿಯಾದ್ರೆ ಕಕ್ಕುತ್ತೆ. ಕಕ್ಕಿದ್ದನ್ನ ನಾನು ಹಿಡೀತೀನಿ."

ಬಾಟಲಿ ಎತ್ತಲು ಬಗ್ಗಿದ್ದ ಕಾನ್‌ಸ್ಟೇಬಲ್ ಎರಡು ಹೆಜ್ಜೆ ಹಿಂದೆ ಸರಿದ. ಇನ್ಸ್‌ಪೆಕ್ಟರ್ ಅವನನ್ನು ದುರುಗುಟ್ಟಿ ನೋಡಿ, ತಾವೇ ಬಾಟಲಿ ಎತ್ತಿ ಮೂಸಿದರು. ಆಮೇಲೆ, ಕರ್ತವ್ಯದ ಕರೆಗೆ ಓಗೊಟ್ಟು, ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಮೀಸೆಯ ಎರಡೂ ತುದಿ ಒಟ್ಟಿಗೆ ಮೇಲೆದ್ದವು.

"ಏನು ಬಂತು ಸಾರ್?" ಭಾವ ಅವರ ತೋಳು ಹಿಡಿದರು. "ಎಣ್ಣೆ ಬಂತಾ? ನಿಜ ಹೇಳಿ. ಎಣ್ಣೆ ಬರಬಾರದಿತ್ತು!"

"ಥೂ! ಏನ್ರೀ..."

"ಇನ್ನೊಂದು ಸಲ ನೋಡಿ ಹೇಳಿ ಸಾರ್. ನಿಮ್ಮ ನಾಲಿಗೆ ಅನುಭವಸ್ಥ ನಾಲಿಗೆ. ಒಬ್ಬ ಮನುಷ್ಯನ ಜೀವ ನಿಂತಿದೆ."

ಆ ಮುಖದಲ್ಲಿ ಏನು ಕಂಡಿತೋ, ಇನ್ಸ್‌ಪೆಕ್ಟರ್ ನಿಜಕ್ಕೂ ಇನ್ನೊಂದು ಸಲ ಬೆರಳದ್ದಿದರು. ಕಣ್ಣು ಮುಚ್ಚಿ ಯೋಚಿಸಿದರು. "ಎಣ್ಣೆ ಇಲ್ಲ. ತಾಮ್ರದ ರುಚಿ ಇದೆ. ನೀರು, ಅಷ್ಟೇ."

"ಪಾಸ್!" ಎಂದು ಕೂಗಿ ಭಾವ ಕಾನ್‌ಸ್ಟೇಬಲನನ್ನು ತಬ್ಬಿಕೊಂಡರು.

ಇನ್ಸ್‌ಪೆಕ್ಟರಿಗೆ ರೇಗಿತು. "ನಾಟಕ ಸಾಕು. ಸರಕು ಬಚ್ಚಿಟ್ಟು ನೀರು ಕುಡಿಸ್ತೀರಾ? ಹಾಗಾದ್ರೆ ಮೆಟ್ಟಿಲ ಮೇಲೆ ಒಂಬತ್ತು ಫ್ಲಾಸ್ಕು ಯಾರದ್ರೀ?"

ಬೀದಿಯೆಲ್ಲ ಆಗಲೇ ಕೆಳಗೆ ನೆರೆದಿತ್ತು. ಕಾನ್‌ಸ್ಟೇಬಲ್ ಒಂದೊಂದೇ ಫ್ಲಾಸ್ಕು ಎತ್ತಿ ತೋರಿಸಿದ. ಯಾರೂ ತಮ್ಮದೆನ್ನಲಿಲ್ಲ. ಗಂಡಸರು ಮೋಡ ನೋಡುತ್ತಿದ್ದರು.

"ಅಯ್ಯೋ, ಅದು ನಮ್ಮದಲ್ವಾ?" ಎಂದಳು ಮೇಷ್ಟ್ರ ಹೆಂಡತಿ. "ಕಳೆದುಹೋಯ್ತು ಅಂದ್ರಲ್ಲಾ ನೀವು?"

ಮೇಷ್ಟ್ರು ಆ ಕ್ಷಣದಲ್ಲಿ ನಿಜವಾಗಿಯೂ ಗಂಟಲು ಕಟ್ಟಿ ನಿಂತರು. ಆಮೇಲೆ ಇನ್ನೂ ಎಂಟು ಹೆಂಗಸರು ತಂತಮ್ಮ ಫ್ಲಾಸ್ಕುಗಳನ್ನು ಗುರುತಿಸಿದರು. ಎಂಟು ಗಂಡಸರು ಆ ಸಂಜೆ ಏನಾದರು ಎನ್ನುವುದು ನನ್ನ ಕಥೆಗೆ ಸಂಬಂಧಿಸಿದ್ದಲ್ಲ.

ಇಷ್ಟೂ ಹೊತ್ತು ಅಕ್ಕ ಒಂದು ವಸ್ತುವನ್ನೇ ದಿಟ್ಟಿಸುತ್ತಿದ್ದಳು. ಒಲೆಯ ಪಕ್ಕದ ಆ ಡಬ್ಬದ ಮೇಲೆ ಅವಳದೇ ದುಂಡು ಅಕ್ಷರದಲ್ಲಿ "ಸಕ್ಕರೆ" ಎಂದಿತ್ತು.

"ಇನ್ಸ್‌ಪೆಕ್ಟ್ರೇ, ಸ್ವಲ್ಪ ಸರೀರಿ," ಎಂದು ಅವಳು ಮುಂದೆ ಬಂದಳು. ಅವರು ಸರಿದರು. "ರೀ, ಕಳ್ಳಭಟ್ಟಿ ವಿಷಯ ಆಮೇಲೆ. ಮೊದಲು ಇದು ಹೇಳಿ. ನನ್ನ ಡಬ್ಬಕ್ಕೆ ತೂತು ಹಾಕಿದ್ದು ಯಾಕೆ?"

ಭಾವ ಬಾಯಿ ತೆರೆದರು. ಡಾಕ್ಟರ ಕುರ್ಚಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದರು, ಅಲ್ಪವಿರಾಮ, ಪೂರ್ಣವಿರಾಮ ಯಾವುದೂ ಇಲ್ಲದೆ. ಗಾರ್ಡ್ ಸಾಹೇಬರು ತಮ್ಮ ಪುಸ್ತಕದ ಪುಟ ಹಿಂದೆ ತಿರುಗಿಸಿ "ಐನೂರು ಅಡಿ" ಎಂದು ಬರೆದುಕೊಂಡದ್ದನ್ನು ಓದಿ ಮೆತ್ತಗೆ ಕೆಮ್ಮಿದರು.

"ಇದೆಲ್ಲ ಸುಳ್ಳಾದ್ರೆ ನಾಳೆ ನಿಮ್ಮ ಕಚೇರಿಗೆ ಕಾಗದ ಹೋಗುತ್ತೆ, ಕೆಲಸವೂ ಹೋಗುತ್ತೆ. ನಡೀರಿ ಡಾಕ್ಟರ ಹತ್ರ," ಎಂದರು ಇನ್ಸ್‌ಪೆಕ್ಟರ್.

ಡಬ್ಬಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಕುಕ್ಕರನ್ನೂ ಜೀಪಿಗೆ ಹಾಕಿದಾಗ ಅಕ್ಕ ತಡೆದಳು. "ಅದಕ್ಕೆ ರಸೀದಿ ಕೊಡಿ. ಸೀಟಿ ಸಮೇತ ಅಂತ ಬರೀರಿ." ಬರೆದರು.

ಡಾಕ್ಟರ ಕೈ ಆಗ ಬೇರೊಬ್ಬ ರೋಗಿಯ ಬಾಯಲ್ಲಿತ್ತು. ಇಲಾಖೆ, ಸಾಕ್ಷಿ, ಅರ್ಧ ಬೀದಿ ಒಳನುಗ್ಗಿದ್ದನ್ನು ನೋಡಿ ಅವರು ಗಾಬರಿಯಾಗಲಿಲ್ಲ. ಹಿಗ್ಗಿದರು. ಅವರ ವಿಮಾನ ನೋಡಲು ಇಷ್ಟು ಜನ ಎಂದೂ ಬಂದಿರಲಿಲ್ಲ.

"ಓ, ಇಂಜಿನಿಯರ್ ಸಾಹೇಬ್ರೇ! ಆಯ್ತಾ ಡಬ್ಬ?"

"ಯಾವ ಇಂಜಿನಿಯರು?" ಎಂದರು ಇನ್ಸ್‌ಪೆಕ್ಟರ್. "ಇವರು ದೂರು ಬರ್ಕೊಳ್ಳೋ ಗುಮಾಸ್ತರು."

ಡಾಕ್ಟರು ನಿಧಾನವಾಗಿ ಕೈಗವಸು ಬಿಚ್ಚಿದರು. "ಹೌದೇನ್ರೀ?" ಎಂದರು. "ನಾನು ನಿಮ್ಮನ್ನ ನಂಬಿ ಹಾರೋನಿದ್ದೆ."

ಭಾವನವರ ತಲೆ ತಗ್ಗಿತು. ಅವತ್ತು ಬಾಯಲ್ಲಿ ಹತ್ತಿಯಿರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಪ್ಲಾಸ್ಟರ್ ಅಂಟಿಸಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ನನಗೆ ಮೊದಲ ಸಲ ಅವರ ಮೇಲಿನ ಸಿಟ್ಟು ಕಡಿಮೆಯಾಯಿತು.

ಹನ್ನೊಂದು ದಿನದಿಂದ ಗಂಡನನ್ನು ಬೈದೂ ಬೈದೂ ಸುಸ್ತಾಗಿದ್ದ ಅಕ್ಕನಿಗೆ ಬೇರೆಯವರು ಬೈಯುವುದು ಮಾತ್ರ ಸಹ್ಯವಾಗಲಿಲ್ಲ.

"ಡಾಕ್ಟ್ರೇ, ಇವರು ಇಂಜಿನಿಯರ್ ಅಲ್ಲ, ಗುಮಾಸ್ತರೇ. ಕೇಳದೆ ಅವರನ್ನ ಇಂಜಿನಿಯರ್ ಮಾಡಿದ್ದು ನೀವು. ಬಾಯಿ ತುಂಬಾ ಹತ್ತಿ ತುರುಕಿ ಪ್ರಶ್ನೆ ಕೇಳಿದ್ದೂ ನೀವು. ಡಬ್ಬ ಇಲ್ಲಿದೆ. ಹಾಕಿ ನೋಡಿ. ಸೋರಿದ್ರೆ ನಾನೇ ಇವರನ್ನ ನೋಡ್ಕೋತೀನಿ, ಯಾವ ಇಲಾಖೆನೂ ಬೇಡ."

ಮುದ್ರೆ ಒಡೆಯುವಂತಿಲ್ಲ ಎಂದರು ಇನ್ಸ್‌ಪೆಕ್ಟರ್. ಒಡೆಯದೆ ಜೋಡಿಸುವಂತಿಲ್ಲ ಎಂದರು ಡಾಕ್ಟರು. ಹತ್ತು ನಿಮಿಷದ ಚರ್ಚೆಯ ನಂತರ ಬಟ್ಟೆಯನ್ನು ತೂತಿರುವಲ್ಲಿ ಮಾತ್ರ ಕತ್ತರಿಸಿ, ಅರಗು ಹಾಗೇ ಉಳಿಸಿ, ಡಬ್ಬವನ್ನು ಇಂಜಿನ್ನಿಗೆ ಕೊಳವೆಯಲ್ಲಿ ಸೇರಿಸಿ, ಅದು ಇಲಾಖೆಯ ವಶದಲ್ಲೇ ಇದೆಯೆಂದು ತೋರಿಸಲು ಕಾನ್‌ಸ್ಟೇಬಲ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗುವ ರೆಕ್ಕೆಯಿಂದ ದೂರ, ಇಂಜಿನ್ನಿನ ಹಿಂಬದಿಯಲ್ಲಿ ನಿಲ್ಲುವುದೆಂದು ತೀರ್ಮಾನವಾಯಿತು.

ಇಂಜಿನ್ನು ಒಂದು ಸಲ ಸೀನಿ ಗರ್ಜಿಸಿತು. ಗಾರ್ಡ್ ಸಾಹೇಬರ ಪುಸ್ತಕ ಹಾರಿತು, ಪಂಚನಾಮೆಯ ಮೂರು ಪ್ರತಿ ಹಾರಿದವು. ಕಾನ್‌ಸ್ಟೇಬಲ್ ಕಣ್ಣು ಮುಚ್ಚಿ ಅಡಿಯಿಂದ ಮುಡಿಯವರೆಗೆ ಅದುರುತ್ತಾ ನಿಂತಿದ್ದ, ಆದರೆ ಡಬ್ಬ ಬಿಡಲಿಲ್ಲ. ಹತ್ತು ನಿಮಿಷವಾದ ಮೇಲೆ ಡಾಕ್ಟರು ಇಂಜಿನ್ನು ನಿಲ್ಲಿಸಿ, ಮುಂದಿನ ಗಾಜನ್ನು ಬಿಳಿ ಕರವಸ್ತ್ರದಿಂದ ಒರೆಸಿದರು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಡಬ್ಬ ಬಗ್ಗಿಸಿದಾಗ ಕಪ್ಪು ಎಣ್ಣೆ ಎರಡು ಚಮಚದಷ್ಟು ಇಳಿಯಿತು.

ಡಾಕ್ಟರು ಭಾವನವರ ಎರಡೂ ಕೈಗಳನ್ನು ಹಿಡಿದುಕೊಂಡರು. "ಅಯ್ಯೋ, ನೋಯುತ್ತೆ," ಎಂದರು ಭಾವ. ಇನ್ಸ್‌ಪೆಕ್ಟರ್ ಹೊಸ ಹಾಳೆ ತೆಗೆದು, "ಸದರಿ ವಸ್ತುವು ಕುಡಿಯಲು ಯೋಗ್ಯವಲ್ಲ, ಹಾರಲು ಯೋಗ್ಯ" ಎಂದು ಬರೆದು ಸಹಿ ಮಾಡಿದರು.

ಹಾರಲು ಆ ಸಹಿ ಸಾಲದು. ವಿಮಾನ ತಪಾಸಣೆಯ ಅಧಿಕಾರಿಗಳು ಮೂರು ಸಲ ಬಂದು ಹೋದರು. ಊರಾಚೆಯ ಹಾರಾಟದ ಮೈದಾನದಲ್ಲಿ ಡಾಕ್ಟರು ಒಬ್ಬರೇ ತಿಂಗಳುಗಟ್ಟಲೆ ಹಾರಿಸಿ ಪರೀಕ್ಷೆಗಳನ್ನು ಮುಗಿಸಿದರು. ಕೊನೆಗೆ ಇನ್ನೊಬ್ಬರನ್ನು ಕೂರಿಸಿಕೊಳ್ಳಬಹುದೆಂದು ಅನುಮತಿ ಬಂದಾಗ ಆ ಜಾಗ ಭಾವನವರದೆಂದು ಕರೆ ಕಳಿಸಿದರು.

ಭಾವ ಮೈದಾನಕ್ಕೆ ಬಂದರು, ವಿಮಾನದವರೆಗೂ ನಡೆದರು, ರೆಕ್ಕೆ ಮುಟ್ಟಿದರು, ಬಿಳಿಚಿಕೊಂಡರು. "ಇವತ್ತು ಸ್ವಲ್ಪ ಶೀತ ಇದೆ," ಎಂದರು.

"ಸರೀರಿ," ಎಂದಳು ಅಕ್ಕ. "ಡಬ್ಬ ನಂದು, ನಾರು ನಂದು. ನಾನು ಕೂರ್ತೀನಿ."

ಕೂತೇ ಬಿಟ್ಟಳು. ವಿಮಾನ ಓಡಿತು, ಎದ್ದಿತು, ಮರಗಳ ಮೇಲಕ್ಕೆ ಹಾರಿ ತಿರುಗಿತು. ಭಾವನವರು ಅದರ ನೆರಳಿನ ಹಿಂದೆ ಓಡಲು ಶುರು ಮಾಡಿದರು.

"ಇಳಿಸಿ! ಇಳಿಸಿ ಡಾಕ್ಟ್ರೇ! ಆ ರಬ್ಬರ್ ಬಳೆ ಅಳತೆ ನಾನು ಅಂದಾಜಲ್ಲಿ ಕತ್ತರಿಸಿದ್ದು!"

ಮೈದಾನದ ತುದಿಯವರೆಗೆ ಓಡಿ, ಬೇಲಿಗೆ ಸಿಕ್ಕಿಕೊಂಡು, ಅಲ್ಲಿಂದಲೇ ಕೂಗಿದರು. ನಾನು ಹೋಗಿ ಬಿಡಿಸಿಕೊಂಡು ಬರುವಷ್ಟರಲ್ಲಿ ವಿಮಾನ ಇಳಿದಿತ್ತು. ಅಕ್ಕ ತಲೆಗೂದಲು ಸರಿಮಾಡಿಕೊಂಡು, ನೇರವಾಗಿ ಇಂಜಿನ್ನಿನ ಹತ್ತಿರ ಹೋದಳು.

"ಮುಚ್ಚಳದ ಪಟ್ಟಿ ಕಟಕಟ ಅಂತಿತ್ತು," ಎಂದು ಸ್ಪ್ಯಾನರ್ ಕೇಳಿ ಪಡೆದು ತಾನೇ ಎರಡು ಸುತ್ತು ಬಿಗಿದಳು. "ಈಗ ಸರಿಯಾಯ್ತು. ಹತ್ತಿ ನೀವು. ಏನೂ ಆಗಲ್ಲ. ಎಂಟು ನಿಮಿಷ, ಅಷ್ಟೇ."

ಇಂಥ ದನಿಗೆ ಎದುರಾಡುವ ಅಭ್ಯಾಸ ಭಾವನವರಿಗಿಲ್ಲ. ಹತ್ತಿದರು.

ವಿಮಾನ ನೆಲ ಬಿಟ್ಟ ಕೂಡಲೇ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಮೂರನೆಯ ನಿಮಿಷಕ್ಕೆ, "ಪಟ್ಟಿ ನಾನು ಸ್ವಲ್ಪ ಜಾಸ್ತಿ ಬಿಗಿದೆನೇನೋ?" ಎಂದಳು.

"ಇಲ್ಲ ಅಕ್ಕಾ."

ಆರನೆಯ ನಿಮಿಷಕ್ಕೆ, "ಎರಡು ಸುತ್ತು ಬಿಗಿದೆ. ಒಂದೇ ಸಾಕಿತ್ತಾ? ಹೇಳೋ, ನಿನಗೇನು ಬಾಯಿಲ್ವಾ?" ಎಂದಳು. ಎಂಟು ಮುಗಿಯಿತು, ಒಂಬತ್ತು ಮುಗಿಯಿತು. ವಿಮಾನ ಇನ್ನೊಂದು ಸುತ್ತು ಹಾಕುತ್ತಿತ್ತು. ಅವಳ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಹನ್ನೊಂದನೆಯ ನಿಮಿಷಕ್ಕೆ ಚಕ್ರ ನೆಲ ಮುಟ್ಟಿತು. ಭಾವನವರು ಇಳಿದು ಬಂದರು. ಕೂದಲು ನೆಟ್ಟಗೆ ನಿಂತಿತ್ತು, ಮುಖವಿಡೀ ನಗು. ಎರಡೂ ಕೈ ಚಾಚಿ ಏನೋ ಹೇಳಲು ಹೊರಟರು. ಅಕ್ಕ ನನ್ನ ಕೈ ಕೊಡವಿ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಂಟು ನಿಮಿಷ ಅಂದಿದ್ದಲ್ವಾ? ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ?"